ಆಟಗಾರನಿಂದ ತರಬೇತುದಾರನವರೆಗೆ: ರಗ್ಬಿ ಲೀಗ್‌ನ ರಾಯ್ ಫ್ರಾನ್ಸಿಸ್



ನಿಮ್ಮ ಶಾಲೆಯ ಆಟದ ಬಯಲಿನಲ್ಲಿ ಕೊರಳಿಗೆ ಸೀಟಿ ತಗುಲಿಸಿಕೊಂಡು ನಿಂತ ಪಿ.ಟಿ. ಮೇಷ್ಟ್ರನ್ನು ಒಮ್ಮೆ ನೆನಪಿಸಿಕೊಳ್ಳಿ. ಪಂದ್ಯ ಗೆದ್ದ ದಿನ ಟ್ರೋಫಿ ಹಿಡಿದು ಫೋಟೋಕ್ಕೆ ನಿಲ್ಲುವವರು ಆಟಗಾರರು. ಮೇಷ್ಟ್ರು ಸಾಲಿನ ತುದಿಯಲ್ಲೆಲ್ಲೋ ಇರುತ್ತಾರೆ. ಸೋತ ದಿನ ಮಾತ್ರ ಎಲ್ಲರ ಬೆರಳೂ ಅವರ ಕಡೆಗೇ ತಿರುಗುತ್ತದೆ. ತರಬೇತುದಾರನ ಕೆಲಸವೇ ಹಾಗೆ. ಅದು ಕಣ್ಣಿಗೆ ಕಾಣುವುದು ಬೇರೆಯವರ ಕೈಕಾಲುಗಳ ಮೂಲಕ.

ಹಾಗಾದರೆ ತರಬೇತುದಾರ ನಿಜವಾಗಿ ಮಾಡುವುದೇನು? ಒಳ್ಳೆಯ ಆಟಗಾರರೆಲ್ಲ ಒಳ್ಳೆಯ ತರಬೇತುದಾರರಾಗುತ್ತಾರೆಯೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾವು ನಮಗೆ ಅಷ್ಟಾಗಿ ಪರಿಚಯವಿಲ್ಲದ ಒಂದು ಆಟದ ಕಡೆಗೆ, ನಮ್ಮಲ್ಲಿ ಹೆಚ್ಚು ಜನ ಕೇಳಿರದ ಒಬ್ಬ ವ್ಯಕ್ತಿಯ ಕಡೆಗೆ ಹೋಗೋಣ. ಆಟದ ಹೆಸರು ರಗ್ಬಿ ಲೀಗ್. ವ್ಯಕ್ತಿಯ ಹೆಸರು ರಾಯ್ ಫ್ರಾನ್ಸಿಸ್. 1919ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿ 1989ರಲ್ಲಿ ತೀರಿಕೊಂಡ ಈ ಕಪ್ಪು ವರ್ಣೀಯ ಕ್ರೀಡಾಪಟು ಆಟಗಾರನಾಗಿ ಕೆಲವು ಬಾಗಿಲುಗಳನ್ನು ತೆರೆದರು. ತರಬೇತುದಾರನಾಗಿ ಆಟದ ಕಲಿಕೆಯ ಕ್ರಮವನ್ನೇ ಬದಲಿಸಿದರು.

ರಗ್ಬಿ ಲೀಗ್ ಎಂದರೇನು?

ಮೊದಲು ಆಟವನ್ನು ಸ್ವಲ್ಪ ಅರಿತುಕೊಳ್ಳೋಣ. ರಗ್ಬಿ ಮೊಟ್ಟೆಯಾಕಾರದ ಚೆಂಡಿನ ಆಟ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಜೊತೆಗಾರನಿಗೆ ಎಸೆಯುವಾಗ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ. ಎದುರಾಳಿಗಳು ಚೆಂಡು ಹಿಡಿದವನನ್ನು ತಬ್ಬಿ ನೆಲಕ್ಕೆ ಕೆಡಹುತ್ತಾರೆ. ನಮ್ಮ ಕಬಡ್ಡಿಯಲ್ಲಿ ದಾಳಿಗಾರನನ್ನು ಹಿಡಿಯುವ ದೃಶ್ಯವನ್ನು ಕಣ್ಣ ಮುಂದೆ ತಂದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇಷ್ಟೆಲ್ಲವನ್ನೂ ದಾಟಿ ಎದುರಾಳಿಯ ಅಂತಿಮ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು 'ಟ್ರೈ'. ಆಮೇಲೆ ಇಂಗ್ಲಿಷಿನ ಎಚ್ ಅಕ್ಷರದಂತಿರುವ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿನಿಂದ ಚೆಂಡನ್ನು ಒದ್ದು ಹೆಚ್ಚುವರಿ ಅಂಕ ಗಳಿಸುವ ಅವಕಾಶವೂ ಉಂಟು.

ರಗ್ಬಿಯಲ್ಲಿ ಎರಡು ಬಗೆ: ಯೂನಿಯನ್ ಮತ್ತು ಲೀಗ್. ಇವು ಬೇರೆಯಾದದ್ದು ಆಟದ ನಿಯಮದಿಂದಲ್ಲ, ಕೂಲಿಯ ಪ್ರಶ್ನೆಯಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಇಂಗ್ಲೆಂಡಿನ ರಗ್ಬಿ ಆಟಗಾರರಲ್ಲಿ ಹೆಚ್ಚಿನವರು ಗಣಿಗಳಲ್ಲಿ, ಗಿರಣಿಗಳಲ್ಲಿ, ಬಂದರುಗಳಲ್ಲಿ ದುಡಿಯುವವರು. ಶನಿವಾರ ಪಂದ್ಯಕ್ಕೆ ಹೋದರೆ ಆ ಹೊತ್ತಿನ ಕೂಲಿ ಖೋತಾ. ಆ ನಷ್ಟವನ್ನು ತುಂಬಿಕೊಡಲು ಅನುಮತಿ ಬೇಕೆಂದು ಉತ್ತರದ ಕ್ಲಬ್ಬುಗಳು ಕೇಳಿದವು. ಆಟವೆಂದರೆ ಹಣ ಮುಟ್ಟದ ಹವ್ಯಾಸ ಎಂದು ನಂಬಿದ್ದ ರಗ್ಬಿ ಆಡಳಿತ ಒಪ್ಪಲಿಲ್ಲ. 1895ರ ಆಗಸ್ಟ್ ತಿಂಗಳಲ್ಲಿ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್ಬುಗಳು ತಮ್ಮದೇ ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿಕೊಂಡವು. ಅದೇ ಮುಂದೆ ರಗ್ಬಿ ಲೀಗ್ ಆಯಿತು. 1906ರಲ್ಲಿ ತಂಡದ ಸಂಖ್ಯೆಯನ್ನು 15ರಿಂದ 13ಕ್ಕೆ ಇಳಿಸಿದರು. ಕೆಡವಿದ ಮೇಲೆ ಆಟ ಬೇಗ ಮುಂದುವರಿಯುವಂತೆ ನಿಯಮ ಮಾಡಿದರು. ಆಟಕ್ಕೆ ವೇಗ ಬಂತು.

ಆದರೆ ಈ ಒಡಕಿಗೆ ಒಂದು ಕಠಿಣ ಬೆಲೆ ಇತ್ತು. ಯಾರಾದರೂ ಒಮ್ಮೆ ಹಣ ಪಡೆದು ಲೀಗ್ ಆಡಿದರೆ ಯೂನಿಯನ್ ಆಟದಿಂದ ಅವರಿಗೆ ಜೀವನಪರ್ಯಂತ ಬಹಿಷ್ಕಾರ. ಯೂನಿಯನ್ ಆಟವೇ ಉಸಿರಾಗಿದ್ದ ವೇಲ್ಸ್‌ನ ಹುಡುಗನೊಬ್ಬ 'ಉತ್ತರಕ್ಕೆ ಹೋದ' ಎಂದರೆ, ಮತ್ತೆ ತಿರುಗಿ ಬರಲಾಗದ ದಾರಿ ಹಿಡಿದ ಎಂದೇ ಅರ್ಥ.

ಉತ್ತರಕ್ಕೆ ಹೋದ ಹುಡುಗ

ರಾಯ್ ಫ್ರಾನ್ಸಿಸ್ ಬೆಳೆದದ್ದು ದಕ್ಷಿಣ ವೇಲ್ಸ್‌ನ ಬ್ರಿನ್‌ಮಾರ್ ಎಂಬ ಗುಡ್ಡಗಾಡಿನ ಪಟ್ಟಣದಲ್ಲಿ. ಕಲ್ಲಿದ್ದಲು ಮತ್ತು ಕಬ್ಬಿಣವನ್ನು ನಂಬಿದ್ದ ಆ ಪ್ರದೇಶ 1930ರ ದಶಕದ ಆರ್ಥಿಕ ಕುಸಿತದಲ್ಲಿ ಬಹಳ ನೊಂದಿತು. ಗಣಿಗಳು ಮುಚ್ಚಿ ಮನೆಮನೆಯಲ್ಲೂ ನಿರುದ್ಯೋಗ. ಅಂಥ ಕಾಲದಲ್ಲಿ, 1936ರಲ್ಲಿ, ಹದಿನೇಳು ವರ್ಷದ ರಾಯ್ ಉತ್ತರ ಇಂಗ್ಲೆಂಡಿನ ಹೆಸರಾಂತ ವಿಗನ್ ಕ್ಲಬ್ಬಿಗೆ ಸಹಿ ಹಾಕಿದರು.

ಹಣದ ಅಗತ್ಯ ಒಂದು ಕಾರಣ. ಇನ್ನೊಂದು ಕಾರಣವನ್ನೂ ಗಮನಿಸಬೇಕು. ವೇಲ್ಸ್‌ನ ರಾಷ್ಟ್ರೀಯ ಯೂನಿಯನ್ ತಂಡದಲ್ಲಿ 1980ರ ದಶಕದವರೆಗೆ ಒಬ್ಬನೇ ಒಬ್ಬ ಕಪ್ಪು ಆಟಗಾರನಿಗೂ ಸ್ಥಾನ ಸಿಕ್ಕಿರಲಿಲ್ಲ. ಪ್ರತಿಭೆ ಇರಲಿಲ್ಲವೆಂದಲ್ಲ. ಕಾರ್ಡಿಫ್ ಬಂದರಿನ ಸುತ್ತಮುತ್ತ ನಾವಿಕರ, ವಲಸಿಗರ ಮಕ್ಕಳಲ್ಲಿ ಅದ್ಭುತ ಆಟಗಾರರಿದ್ದರು. ಅವರಲ್ಲಿ ಹಲವರಿಗೆ ಬೆಳೆಯುವ ಅವಕಾಶ ಕೊಟ್ಟದ್ದು ಉತ್ತರದ ರಗ್ಬಿ ಲೀಗ್. 1953ರಲ್ಲಿ ವಿಗನ್ ಸೇರಿ ತಮ್ಮ ವೃತ್ತಿಜೀವನದಲ್ಲಿ 571 ಟ್ರೈ ಗಳಿಸಿದ ಬಿಲ್ಲಿ ಬೋಸ್ಟನ್ ಅಂಥವರಲ್ಲೊಬ್ಬರು. 2025ರಲ್ಲಿ ಅವರಿಗೆ 'ಸರ್' ಪದವಿ ದೊರೆಯಿತು. ರಗ್ಬಿ ಲೀಗ್ ಆಟಗಾರರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು.

ಫ್ರಾನ್ಸಿಸ್ ಆಡುತ್ತಿದ್ದದ್ದು ವಿಂಗ್ ಸ್ಥಾನದಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ. ಆ ಸ್ಥಾನಕ್ಕೆ ಬೇಕಾದದ್ದು ಮಿಂಚಿನ ಓಟ, ಸರಕ್ಕನೆ ಪಕ್ಕಕ್ಕೆ ತಪ್ಪಿಸಿಕೊಳ್ಳುವ ಚುರುಕು. ವಿಗನ್‌ನಲ್ಲಿ ಅವರು ಹೆಚ್ಚು ಕಾಲ ನಿಲ್ಲಲಿಲ್ಲ. 1939ರಲ್ಲಿ ಕ್ಲಬ್ಬು ಅವರನ್ನು ಬ್ಯಾರೋ ತಂಡಕ್ಕೆ ಬಿಟ್ಟುಕೊಟ್ಟಿತು. ಅದೇ ವರ್ಷ ಎರಡನೆಯ ಮಹಾಯುದ್ಧ ಶುರುವಾಯಿತು.

ಯುದ್ಧಕಾಲದಲ್ಲಿ ಫ್ರಾನ್ಸಿಸ್ ಸೈನ್ಯದಲ್ಲಿ ದೈಹಿಕ ಶಿಕ್ಷಣ ಕಲಿಸುವ ಸಾರ್ಜೆಂಟ್ ಆದರು. ಈ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿಡಿ. ಯಾವ ವ್ಯಾಯಾಮ ಯಾವ ಸ್ನಾಯುವಿಗೆ, ದಣಿದ ಮೈಯನ್ನು ಮತ್ತೆ ಹೇಗೆ ಅಣಿಗೊಳಿಸಬೇಕು, ಹಲವು ಬಗೆಯ ಜನರನ್ನು ಒಂದು ಗುಂಪಾಗಿ ಹೇಗೆ ನಡೆಸಬೇಕು ಎಂಬ ವಿಷಯಗಳನ್ನು ಅವರು ದಿನದಿನವೂ ಕೈಯಾರೆ ಮಾಡಿ ಕಲಿತದ್ದು ಅಲ್ಲಿ. ಯುದ್ಧದ ವರ್ಷಗಳಲ್ಲಿ ಸೈನಿಕರ ಮಟ್ಟಿಗೆ ಯೂನಿಯನ್ ಮತ್ತು ಲೀಗ್ ನಡುವಿನ ಗೋಡೆಯೂ ಸಡಿಲಗೊಂಡಿತ್ತು. ಎರಡೂ ಬಗೆಯ ಆಟವನ್ನು ಆಡುವ, ಹೋಲಿಸಿ ನೋಡುವ ಅವಕಾಶ ಅವರಿಗೆ ಸಿಕ್ಕಿತು.

ಹತ್ತಲಾಗದ ಹಡಗು

ಯುದ್ಧ ಮುಗಿದೊಡನೆ, 1946ರಲ್ಲಿ, ಬ್ರಿಟನ್ನಿನ ರಗ್ಬಿ ಲೀಗ್ ತಂಡ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೊರಟಿತು. ಪ್ರಯಾಣಿಕರ ಹಡಗುಗಳು ಸಿಗುತ್ತಿರಲಿಲ್ಲ. ಹೀಗಾಗಿ ತಂಡ ಹೋದದ್ದು 'ಇಂಡೊಮಿಟಬಲ್' ಎಂಬ ವಿಮಾನವಾಹಕ ಯುದ್ಧನೌಕೆಯಲ್ಲಿ. ಗಸ್ ರಿಸ್ಮನ್ ನಾಯಕತ್ವದ ಆ ತಂಡ ಆಸ್ಟ್ರೇಲಿಯಾದ ವಿರುದ್ಧ ಒಂದು ಟೆಸ್ಟನ್ನೂ ಸೋಲದೆ ಮರಳಿತು. ಆಟದ ಇತಿಹಾಸದಲ್ಲಿ ಇಂದಿಗೂ ಆ ತಂಡಕ್ಕೆ ಹಡಗಿನ ಹೆಸರೇ ಉಳಿದಿದೆ.

ಆ ಹಡಗಿನಲ್ಲಿ ರಾಯ್ ಫ್ರಾನ್ಸಿಸ್ ಇರಲಿಲ್ಲ. ಆಟದ ಬಲದಿಂದ ನೋಡಿದರೆ ಅವರು ಇರಬೇಕಾಗಿತ್ತು ಎಂದು ಅಂದಿನವರೂ ಇಂದಿನ ಇತಿಹಾಸಕಾರರೂ ಹೇಳುತ್ತಾರೆ. ಅವರನ್ನು ಬಿಟ್ಟದ್ದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಆಸ್ಟ್ರೇಲಿಯಾದ ಅಂದಿನ ವರ್ಣನೀತಿ. 1901ರಿಂದಲೇ ಆ ದೇಶ ಬಿಳಿಯರಲ್ಲದವರ ವಲಸೆಯನ್ನು ತಡೆಯುವ ಕಾನೂನು ಮಾಡಿಕೊಂಡಿತ್ತು. 'ಬಿಳಿಯ ಆಸ್ಟ್ರೇಲಿಯಾ ನೀತಿ' ಎಂದು ಹೆಸರಾದ ಈ ವ್ಯವಸ್ಥೆ ಪೂರ್ತಿಯಾಗಿ ಕೊನೆಗೊಂಡದ್ದು 1973ರಲ್ಲಿ. ಆತಿಥೇಯರಿಗೆ ಇರಸುಮುರಸಾಗಬಾರದೆಂದು ಆಯ್ಕೆಗಾರರು ತಮ್ಮದೇ ಆಟಗಾರನೊಬ್ಬನನ್ನು ಮನೆಯಲ್ಲೇ ಉಳಿಸಿದರು ಎನ್ನಬೇಕಾಗುತ್ತದೆ. ಇದರಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಭೇದಭಾವ ಯಾವಾಗಲೂ ಬೈಗುಳದ ರೂಪದಲ್ಲೇ ಬರುವುದಿಲ್ಲ. ಎಷ್ಟೋ ಸಲ ಅದು ಪಟ್ಟಿಯೊಂದರಲ್ಲಿ ಇಲ್ಲದ ಹೆಸರಾಗಿ, ಯಾರೂ ಬರೆದಿಡದ ನಿರ್ಧಾರವಾಗಿ ಬರುತ್ತದೆ.

ಮರುವರ್ಷ ಡಿಸೆಂಬರಿನಲ್ಲಿ ಬ್ರಾಡ್‌ಫರ್ಡಿನ ಓಡ್ಸಲ್ ಮೈದಾನದಲ್ಲಿ ನ್ಯೂಜಿಲೆಂಡ್ ವಿರುದ್ಧ ನಡೆದ ಟೆಸ್ಟ್ ಪಂದ್ಯಕ್ಕೆ ಫ್ರಾನ್ಸಿಸ್ ಆಯ್ಕೆಯಾದರು. ರಗ್ಬಿ ಲೀಗ್‌ನಲ್ಲಿ ಗ್ರೇಟ್ ಬ್ರಿಟನ್ನನ್ನು ಪ್ರತಿನಿಧಿಸಿದ ಮೊದಲ ಕಪ್ಪು ಆಟಗಾರ ಅವರು. ಅಂದು ಬ್ರಿಟನ್ ಗೆದ್ದಿತು. ಫ್ರಾನ್ಸಿಸ್ ಎರಡು ಟ್ರೈ ಗಳಿಸಿದರು. ಆದರೂ ಗ್ರೇಟ್ ಬ್ರಿಟನ್ ಪರವಾಗಿ ಅವರಿಗೆ ಮತ್ತೊಂದು ಟೆಸ್ಟ್ ಸಿಗಲಿಲ್ಲ. ನಮಗೆ ಸ್ವಾತಂತ್ರ್ಯ ಬಂದ ಅದೇ 1947ರಲ್ಲಿ, ಅಮೆರಿಕದ ಬೇಸ್‌ಬಾಲ್‌ನಲ್ಲಿ ಜಾಕಿ ರಾಬಿನ್‌ಸನ್ ವರ್ಣದ ಗೋಡೆಯನ್ನು ದಾಟಿ ಜಗತ್ತಿನ ಗಮನ ಸೆಳೆದರು. ಓಡ್ಸಲ್ ಮೈದಾನದ ಸುದ್ದಿ ಅಷ್ಟು ದೂರ ಹೋಗಲಿಲ್ಲ.

ಹಲ್ ನಗರದ ಪ್ರಯೋಗಶಾಲೆ

ಬ್ಯಾರೋ ಬಿಟ್ಟ ಮೇಲೆ ಸ್ವಲ್ಪ ಕಾಲ ವಾರಿಂಗ್ಟನ್ ತಂಡದಲ್ಲಿ ಆಡಿದ ಫ್ರಾನ್ಸಿಸ್ 1949ರಲ್ಲಿ ಇಂಗ್ಲೆಂಡಿನ ಪೂರ್ವ ಕರಾವಳಿಯ ಬಂದರು ನಗರವಾದ ಹಲ್‌ಗೆ ಬಂದರು. ಅಲ್ಲಿಯ ಹಲ್ ಎಫ್.ಸಿ. ಕ್ಲಬ್ಬಿನಲ್ಲಿ ಮೊದಲು ಆಟಗಾರ, ಮುಂದೆ ಆಟಗಾರನೂ ತರಬೇತುದಾರನೂ ಆದರು. 1955ರಲ್ಲಿ ಬೂಟು ಕಳಚಿಟ್ಟ ಮೇಲೆ ಪೂರ್ಣವಾಗಿ ತರಬೇತಿಗೇ ನಿಂತರು. ಬ್ರಿಟನ್ನಿನ ವೃತ್ತಿಪರ ಕ್ರೀಡೆಯಲ್ಲಿ ತಂಡವೊಂದರ ತರಬೇತಿಯ ಹೊಣೆ ಹೊತ್ತ ಮೊದಲ ಕಪ್ಪು ವ್ಯಕ್ತಿಯೆಂದು ಅವರನ್ನು ಗುರುತಿಸಲಾಗುತ್ತದೆ. ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನಲ್ಲಿ ಕಪ್ಪು ವ್ಯವಸ್ಥಾಪಕರೊಬ್ಬರು ಬಂದದ್ದು 1960ರಲ್ಲಿ, ರಾಚ್‌ಡೇಲ್ ಕ್ಲಬ್ಬಿನ ಟೋನಿ ಕಾಲಿನ್ಸ್. ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಬಿಲ್ ರಸೆಲ್ ತರಬೇತುದಾರರಾದದ್ದು 1966ರಲ್ಲಿ. ಇವರೆಲ್ಲರಿಗಿಂತ ಮೊದಲೇ ಹಲ್ ಬಂದರಿನ ಕಾರ್ಮಿಕರ ಊರಿನಲ್ಲಿ ಫ್ರಾನ್ಸಿಸ್ ತಂಡ ಕಟ್ಟುತ್ತಿದ್ದರು.

ಅಂದಿನ ತರಬೇತಿ ಹೇಗಿತ್ತು ಎಂಬುದನ್ನು ತಿಳಿದರೆ ಮಾತ್ರ ಅವರ ಕೆಲಸದ ಬೆಲೆ ತಿಳಿಯುತ್ತದೆ. ಆಟಗಾರರು ಹಗಲು ಬೇರೆ ಕೆಲಸ ಮಾಡಿ ವಾರದಲ್ಲಿ ಕೆಲವು ಸಂಜೆ ಮೈದಾನಕ್ಕೆ ಬರುತ್ತಿದ್ದರು. ಮೈದಾನದ ಸುತ್ತ ಕೆಲವು ಸುತ್ತು ಓಟ, ಸ್ವಲ್ಪ ಚೆಂಡಿನ ಆಟ, ಮೈಕೈ ತಿಕ್ಕಿಸಿಕೊಳ್ಳುವುದು, ಅಷ್ಟರಲ್ಲಿ ಮುಗಿಯಿತು. ಅನೇಕ ಕ್ಲಬ್ಬುಗಳಲ್ಲಿ ತಂಡವನ್ನು ಆರಿಸುತ್ತಿದ್ದವರು ಸಮಿತಿಯ ಸದಸ್ಯರು. ತರಬೇತುದಾರನೆಂದರೆ ಬಕೆಟ್ಟು, ಸ್ಪಂಜು ಹಿಡಿದು ಓಡಾಡುವವ ಎಂಬ ಭಾವನೆ ಬಹಳ ಕಡೆ ಇತ್ತು.

ಫ್ರಾನ್ಸಿಸ್ ಇದನ್ನು ಬದಲಿಸಿದ ಬಗೆಯನ್ನು ನಾಲ್ಕು ಭಾಗಗಳಾಗಿ ನೋಡಬಹುದು.

ಮೊದಲನೆಯದು ದೇಹ. ಎಲ್ಲರಿಗೂ ಒಂದೇ ಬಗೆಯ ಓಟ ಎಂಬುದನ್ನು ಬಿಟ್ಟು ವೇಗದ ಓಟಕ್ಕೆ, ಬಲವರ್ಧನೆಗೆ, ವ್ಯಾಯಾಮಶಾಲೆಯ ಅಭ್ಯಾಸಕ್ಕೆ ಒತ್ತು ಕೊಟ್ಟರು. ರಗ್ಬಿ ಲೀಗ್ ಎಂಬತ್ತು ನಿಮಿಷಗಳ ಆಟ. ಆದರೆ ಆ ಎಂಬತ್ತು ನಿಮಿಷಗಳೂ ಒಂದೇ ವೇಗದಲ್ಲಿ ಓಡುವ ಆಟವಲ್ಲ. ಹತ್ತಿಪ್ಪತ್ತು ಗಜ ರಭಸದಿಂದ ನುಗ್ಗು, ಬೀಳು, ಏಳು, ಮತ್ತೆ ನುಗ್ಗು. ನಿಧಾನವಾಗಿ ಮೈಲಿಗಟ್ಟಲೆ ಓಡಿದರೆ ಆ ಶಕ್ತಿ ಬರುವುದಿಲ್ಲ. ಆಟ ಏನನ್ನು ಕೇಳುತ್ತದೆಯೋ ಅದನ್ನೇ ಅಭ್ಯಾಸ ಮಾಡಬೇಕು ಎಂಬುದು ಈಗ ಎಲ್ಲರೂ ಒಪ್ಪಿದ ತತ್ವ. ಅಂದು ಅದು ಹೊಸದು.

ಎರಡನೆಯದು ಕಣ್ಣು. ಪಂದ್ಯಗಳ ಚಲನಚಿತ್ರವನ್ನು ನೋಡಿ ತಪ್ಪು ಒಪ್ಪು ವಿಶ್ಲೇಷಿಸುವ ಕ್ರಮವನ್ನು ಬಳಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಪಂದ್ಯ ನಡೆಯುವಾಗ ನಮ್ಮ ಕಣ್ಣು ಚೆಂಡನ್ನೇ ಹಿಂಬಾಲಿಸುತ್ತದೆ. ಚೆಂಡಿಲ್ಲದ ಆಟಗಾರ ಎಲ್ಲಿ ನಿಂತಿದ್ದ, ಏಕೆ ತಡವಾಗಿ ಬಂದ ಎಂಬುದು ಕಾಣುವುದಿಲ್ಲ. ಚಿತ್ರವನ್ನು ಮತ್ತೆ ಮತ್ತೆ ಓಡಿಸಿದಾಗ ಕಾಣುತ್ತದೆ. ಈಗ ಇದನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡಿಕೊಡುತ್ತದೆ. ಅಂದು ರೀಲು, ಪ್ರೊಜೆಕ್ಟರು, ತಾಳ್ಮೆ ಮೂರೂ ಬೇಕಾಗಿದ್ದವು.

ಮೂರನೆಯದು ಮನಸ್ಸು. ಒಬ್ಬನನ್ನು ಗದರಿಸಿದರೆ ಚುರುಕಾಗುತ್ತಾನೆ, ಇನ್ನೊಬ್ಬ ಮುದುಡಿಕೊಳ್ಳುತ್ತಾನೆ. ಯಾರೊಡನೆ ಹೇಗೆ ಮಾತಾಡಬೇಕು ಎಂಬುದನ್ನು ಅವರು ಗಂಭೀರವಾಗಿ ತೆಗೆದುಕೊಂಡರು. ಕ್ರೀಡಾ ಮನೋವಿಜ್ಞಾನ ಎಂಬ ಮಾತು ಕ್ಲಬ್ಬುಗಳಲ್ಲಿ ಬಳಕೆಗೆ ಬರುವ ಮೊದಲೇ ಅದರ ಸಾರವನ್ನು ಅವರು ಆಚರಣೆಯಲ್ಲಿ ತಂದಿದ್ದರು.

ನಾಲ್ಕನೆಯದು ಮನೆ. ಇದು ಎಲ್ಲಕ್ಕಿಂತ ಹೊಸದು. ಆಟಗಾರರ ಹೆಂಡತಿ ಮಕ್ಕಳನ್ನು ಕ್ಲಬ್ಬಿನ ಭಾಗವಾಗಿ ಕಂಡರು. ಪಂದ್ಯಗಳಿಗೆ ಅವರು ಬಂದು ಹೋಗಲು ವಾಹನದ ಏರ್ಪಾಡು ಮಾಡಿಸಿದರು. ಹಗಲಿಡೀ ದುಡಿದು, ಸಂಜೆ ಅಭ್ಯಾಸಕ್ಕೆ ಹೋಗಿ, ಶನಿವಾರ ಗಾಯ ಮಾಡಿಕೊಂಡು ಬರುವ ಗಂಡನ ಆಟವನ್ನು ಮನೆಯವರು ಹೊರೆ ಎಂದು ಕಂಡರೆ ಆಟಗಾರನ ಮನಸ್ಸು ಅರ್ಧ ಮನೆಯಲ್ಲೇ ಉಳಿಯುತ್ತದೆ. ಮನೆಯವರಿಗೂ ಅದು 'ನಮ್ಮ ತಂಡ' ಎನಿಸಿದರೆ ಚಿತ್ರವೇ ಬೇರೆ.

ಫಲಿತಾಂಶ ಬಂತೇ? ಬಂತು. 1956ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಹಲ್ ತಂಡ ಹ್ಯಾಲಿಫ್ಯಾಕ್ಸ್ ತಂಡವನ್ನು 10-9ರಿಂದ ಸೋಲಿಸಿತು. ಕೊನೆಯ ಗಳಿಗೆಯಲ್ಲಿ ಕಾಲಿನ್ ಹಟ್ಟನ್ ಒದ್ದ ಪೆನಾಲ್ಟಿ ಪಂದ್ಯವನ್ನು ನಿರ್ಧರಿಸಿತು. ಇಪ್ಪತ್ತು ವರ್ಷಗಳ ನಂತರ ಆ ಕ್ಲಬ್ಬಿಗೆ ದೊರೆತ ಚಾಂಪಿಯನ್ ಪಟ್ಟ ಅದು. ಮರುವರ್ಷ ಓಲ್ಡಮ್ ವಿರುದ್ಧ 15-14ರಿಂದ, ಒಂದೇ ಅಂಕದಿಂದ ಸೋಲು. 1958ರಲ್ಲಿ ವರ್ಕಿಂಗ್ಟನ್ ಟೌನ್ ವಿರುದ್ಧ 20-3ರಿಂದ ಮತ್ತೆ ಗೆಲುವು. 1959 ಮತ್ತು 1960ರಲ್ಲಿ ತಂಡ ವೆಂಬ್ಲಿಯ ಚಾಲೆಂಜ್ ಕಪ್ ಫೈನಲ್ ತಲುಪಿತು. ಎರಡು ಬಾರಿಯೂ ದೊಡ್ಡ ಅಂತರದಿಂದ ಸೋತಿತು. ಒಳ್ಳೆಯ ತರಬೇತಿ ಗೆಲುವಿನ ಖಾತರಿ ಪತ್ರವಲ್ಲ. ಅದು ಗೆಲುವಿನ ಹತ್ತಿರ ಮತ್ತೆ ಮತ್ತೆ ಹೋಗುವ ಶಕ್ತಿ ಕೊಡುತ್ತದೆ, ಅಷ್ಟೆ.

ಲೀಡ್ಸ್, ಮತ್ತು ನೀರು ನಿಂತ ಮೈದಾನ

1963ರಲ್ಲಿ ಫ್ರಾನ್ಸಿಸ್ ಲೀಡ್ಸ್ ಕ್ಲಬ್ಬಿಗೆ ತರಬೇತುದಾರರಾಗಿ ಹೋದರು. ಅಲ್ಲಿ ಯುವ ಆಟಗಾರರನ್ನು ಬೆಳೆಸಿ, ಚೆಂಡನ್ನು ಕೈಯಿಂದ ಕೈಗೆ ಬೇಗ ದಾಟಿಸುತ್ತಾ ಅಂಚಿನವರೆಗೂ ಹರಡುವ ತೆರೆದ ಆಟವನ್ನು ಕಲಿಸಿದರು.

ಇದೇ ಸಮಯದಲ್ಲಿ ಆಟದ ನಿಯಮದಲ್ಲೂ ಒಂದು ದೊಡ್ಡ ಬದಲಾವಣೆಯಾಯಿತು. ಅದುವರೆಗೆ ಒಂದು ತಂಡ ಎಷ್ಟು ಸಲ ಕೆಡವಿಸಿಕೊಂಡರೂ ಚೆಂಡನ್ನು ತನ್ನಲ್ಲೇ ಇಟ್ಟುಕೊಳ್ಳಬಹುದಾಗಿತ್ತು. ಮುಂದಿರುವ ತಂಡ ಚೆಂಡನ್ನು ಬಿಡದೆ ಹೊತ್ತು ಕಳೆಯಬಹುದಿತ್ತು. 1966ರಲ್ಲಿ ಇದಕ್ಕೆ ನಾಲ್ಕು ಸಲದ ಮಿತಿ ಬಂತು. 1972ರಲ್ಲಿ ಅದನ್ನು ಆರಕ್ಕೆ ಏರಿಸಿದರು. ಮಿತಿ ಬಂದ ಮೇಲೆ ಸುಮ್ಮನೆ ನುಗ್ಗುವುದು ಸಾಲದು. ಇರುವ ಕೆಲವೇ ಅವಕಾಶಗಳಲ್ಲಿ ಏನು ಮಾಡಬೇಕೆಂದು ಮೊದಲೇ ಯೋಚಿಸಬೇಕು. ವೇಗ ಮತ್ತು ಯೋಜನೆಯನ್ನು ನಂಬಿದ್ದ ಲೀಡ್ಸ್‌ಗೆ ಇದು ಒಗ್ಗಿತು. 1966-67 ಮತ್ತು 1967-68ರ ಎರಡೂ ಋತುಗಳಲ್ಲಿ ತಂಡ ಲೀಗ್ ಪಟ್ಟಿಯ ತುದಿಯಲ್ಲಿತ್ತು.

1968ರ ಮೇ 11ರಂದು ವೆಂಬ್ಲಿಯಲ್ಲಿ ಲೀಡ್ಸ್ ಮತ್ತು ವೇಕ್‌ಫೀಲ್ಡ್ ಟ್ರಿನಿಟಿ ತಂಡಗಳ ನಡುವೆ ಚಾಲೆಂಜ್ ಕಪ್ ಫೈನಲ್. ಧಾರಾಕಾರ ಮಳೆ ಸುರಿದು ಮೈದಾನದಲ್ಲಿ ನೀರು ನಿಂತಿತ್ತು. ಆಟಗಾರರು ಜಾರಿ ಜಾರಿ ಗಜಗಟ್ಟಲೆ ಹೋಗುತ್ತಿದ್ದರು. ಕೊನೆಯ ನಿಮಿಷಗಳಲ್ಲಿ ಲೀಡ್ಸ್ 11-7ರಿಂದ ಮುಂದಿತ್ತು. ಅಷ್ಟರಲ್ಲಿ ವೇಕ್‌ಫೀಲ್ಡ್‌ನ ಕೆನ್ ಹರ್ಸ್ಟ್ ಒಂದು ಟ್ರೈ ಗಳಿಸಿದರು. ಆಗ ಟ್ರೈಗೆ ಮೂರು ಅಂಕ: 11-10. ಉಳಿದದ್ದು ಒಂದೇ ಒದೆತ. ಕಂಬಗಳ ನೇರ ಎದುರಿಗೆ. ಸಫಲವಾದರೆ ಎರಡು ಅಂಕ, ಕಪ್ ವೇಕ್‌ಫೀಲ್ಡ್‌ಗೆ. ಒದೆಯಬೇಕಾದವರು ಡಾನ್ ಫಾಕ್ಸ್. ಆ ದಿನದ ಶ್ರೇಷ್ಠ ಆಟಗಾರನೆಂದು ಪತ್ರಕರ್ತರು ಆಗಲೇ ಆರಿಸಿದ್ದದ್ದು ಅವರನ್ನೇ. ನೆನೆದ ಹುಲ್ಲಿನ ಮೇಲೆ ಕಾಲು ಸರಿಯಾಗಿ ಕೂಡಲಿಲ್ಲ. ಚೆಂಡು ಪಕ್ಕಕ್ಕೆ ಹೋಯಿತು. ಫಾಕ್ಸ್ ನೆಲಕ್ಕೆ ಕುಸಿದರು. ಫ್ರಾನ್ಸಿಸ್ ಅವರ ಲೀಡ್ಸ್ ಕಪ್ ಗೆದ್ದಿತು.

ಈ ಪಂದ್ಯವನ್ನು ಇಂದಿಗೂ ಜನ ನೆನೆಯುವುದು ಆ ತಪ್ಪಿದ ಒದೆತಕ್ಕಾಗಿ. ಗೆದ್ದ ತಂಡವನ್ನು ಐದು ವರ್ಷ ಕಟ್ಟಿದವರ ಹೆಸರನ್ನು ಹೇಳುವವರು ಕಡಿಮೆ. ತರಬೇತುದಾರನ ಕೆಲಸ ಬೇರೆಯವರ ಕೈಕಾಲುಗಳಲ್ಲಿ ಕಾಣುತ್ತದೆ ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕೇ.

ಕೊನೆಗೂ ಆಸ್ಟ್ರೇಲಿಯಾ

ಕಪ್ ಗೆದ್ದ ಮೇಲೆ ಫ್ರಾನ್ಸಿಸ್ ಆಸ್ಟ್ರೇಲಿಯಾಕ್ಕೆ ಹೋದರು. 1946ರಲ್ಲಿ ಆಟಗಾರನಾಗಿ ಹೋಗಲಾಗದ ದೇಶಕ್ಕೆ ಈಗ ಸಿಡ್ನಿಯ ನಾರ್ತ್ ಸಿಡ್ನಿ ತಂಡದ ತರಬೇತುದಾರನಾಗಿ. 1969 ಮತ್ತು 1970, ಎರಡು ಋತುಗಳು. ಕಥೆಯಾಗಿದ್ದರೆ ಇಲ್ಲಿ ಗೆಲುವಿನ ಅಧ್ಯಾಯ ಬರಬೇಕಾಗಿತ್ತು. ಆದರೆ ಬದುಕು ಕಥೆಯಲ್ಲ. 1922ರಿಂದ ಪ್ರಶಸ್ತಿಯನ್ನೇ ಕಾಣದ ಆ ಕ್ಲಬ್ಬು ಈ ಎರಡು ವರ್ಷಗಳಲ್ಲೂ ಅಂತಿಮ ಸುತ್ತಿಗೆ ಬರಲಿಲ್ಲ. ಅವರ ಹೊಸ ವಿಧಾನಗಳಿಗೆ ವಿರೋಧ ಎದುರಾಯಿತು. ಬಣ್ಣದ ಕಾರಣಕ್ಕೆ ಕಹಿ ಮಾತುಗಳನ್ನೂ ಕೇಳಬೇಕಾಯಿತು. ಅವರು ಬ್ರಿಟನ್ನಿಗೆ ಮರಳಿದರು.

ಮರಳಿ ಬಂದು ಸುಮ್ಮನೆ ಕೂರಲಿಲ್ಲ. ಮತ್ತೆ ಹಲ್, ಆಮೇಲೆ ಮತ್ತೆ ಲೀಡ್ಸ್. 1975ರಲ್ಲಿ ಲೀಡ್ಸ್ ತಂಡ ಸೇಂಟ್ ಹೆಲೆನ್ಸ್ ತಂಡವನ್ನು 26-11ರಿಂದ ಸೋಲಿಸಿ ಪ್ರೀಮಿಯರ್‌ಷಿಪ್ ಗೆದ್ದಿತು. ಕೊನೆಯಲ್ಲಿ 1977ರವರೆಗೆ ಬ್ರಾಡ್‌ಫರ್ಡ್ ನಾರ್ದರ್ನ್. ಇಷ್ಟು ದೀರ್ಘ ಅನುಭವವಿದ್ದರೂ ಗ್ರೇಟ್ ಬ್ರಿಟನ್ ತಂಡದ ತರಬೇತುದಾರನ ಸ್ಥಾನ ಮಾತ್ರ ಅವರಿಗೆ ಬರಲಿಲ್ಲ.

ಶಿಷ್ಯರಲ್ಲಿ ಉಳಿದ ಗುರು

ಗುರುವನ್ನು ಅಳೆಯಬೇಕಾದದ್ದು ಶಿಷ್ಯರಿಂದ ಎನ್ನುತ್ತೇವೆ. ಹಾಗೆ ನೋಡಿದರೆ ಎರಡು ಹೆಸರುಗಳನ್ನು ಹೇಳಲೇಬೇಕು.

ಒಬ್ಬರು ಜಾನಿ ವೈಟ್ಲಿ. ಫ್ರಾನ್ಸಿಸ್ ಅವರ ಹಲ್ ತಂಡದ ಪ್ರಮುಖ ಆಟಗಾರ. ತಮ್ಮ ಗುರು ಕಾಲಕ್ಕಿಂತ ಬಹಳ ಮುಂದಿದ್ದರು ಎಂದು ವೈಟ್ಲಿ ಮುಪ್ಪಿನವರೆಗೂ ನೆನೆಯುತ್ತಿದ್ದರು. 1963ರಲ್ಲಿ ಫ್ರಾನ್ಸಿಸ್ ಲೀಡ್ಸ್‌ಗೆ ಹೋದಾಗ ಹಲ್ ತಂಡದ ತರಬೇತಿಯ ಹೊಣೆ ಹೊತ್ತವರು ಅವರೇ. 1970ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಆಷಸ್ ಸರಣಿಯನ್ನು ಗೆದ್ದು ತಂದ ಬ್ರಿಟಿಷ್ ತಂಡದ ತರಬೇತುದಾರರೂ ಅವರೇ. ಕ್ರಿಕೆಟ್‌ನಂತೆ ರಗ್ಬಿ ಲೀಗ್‌ನಲ್ಲೂ ಆಷಸ್ ಉಂಟು. ಅಂದು ಗೆದ್ದ ಮೇಲೆ ಬ್ರಿಟನ್ನಿಗೆ ಆ ಸರಣಿಯನ್ನು ಮತ್ತೆ ಗೆಲ್ಲಲಾಗಿಲ್ಲ. ಅಂದರೆ ಫ್ರಾನ್ಸಿಸ್ ಸಿಡ್ನಿಯಲ್ಲಿ ಕಷ್ಟಪಡುತ್ತಿದ್ದ ವರ್ಷವೇ ಅವರ ಶಿಷ್ಯ ಅದೇ ದೇಶದಲ್ಲಿ ಗೆದ್ದರು.

ಇನ್ನೊಬ್ಬರು ಕ್ಲೈವ್ ಸಲಿವನ್. ಕಾರ್ಡಿಫ್‌ನ ಸ್ಪ್ಲಾಟ್ ಬಡಾವಣೆಯ ಈ ಕಪ್ಪು ಹುಡುಗನಿಗೆ ಬಾಲ್ಯದಲ್ಲೇ ಕಾಲುಗಳಿಗೆ ಹಲವು ಶಸ್ತ್ರಚಿಕಿತ್ಸೆಗಳಾಗಿದ್ದವು. 1961ರಲ್ಲಿ, ಫ್ರಾನ್ಸಿಸ್ ತರಬೇತುದಾರರಾಗಿದ್ದ ಹಲ್ ತಂಡಕ್ಕೆ ಪರೀಕ್ಷಾರ್ಥ ಆಡಿದ ಮೊದಲ ಪಂದ್ಯದಲ್ಲೇ ಮೂರು ಟ್ರೈ ಗಳಿಸಿದರು. ಕ್ಲಬ್ಬು ತಡಮಾಡದೆ ಸಹಿ ಹಾಕಿಸಿಕೊಂಡಿತು. 1972ರಲ್ಲಿ ಅದೇ ಸಲಿವನ್ ಗ್ರೇಟ್ ಬ್ರಿಟನ್ ತಂಡದ ನಾಯಕರಾದರು. ಯಾವುದೇ ಪ್ರಮುಖ ಕ್ರೀಡೆಯಲ್ಲಿ ಬ್ರಿಟಿಷ್ ರಾಷ್ಟ್ರೀಯ ತಂಡವನ್ನು ಮುನ್ನಡೆಸಿದ ಮೊದಲ ಕಪ್ಪು ವ್ಯಕ್ತಿ ಅವರು. ಆ ವರ್ಷ ಫ್ರಾನ್ಸಿನ ಲಿಯಾನ್ ನಗರದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಫೈನಲ್ 10-10ರಿಂದ ಸಮವಾದಾಗ, ಹಿಂದಿನ ಪಂದ್ಯಗಳ ಸಾಧನೆಯ ಆಧಾರದ ಮೇಲೆ ವಿಶ್ವಕಪ್ ಬ್ರಿಟನ್ನಿಗೆ ಸಂದಿತು. ಹಲ್ ನಗರದ ಒಂದು ಮುಖ್ಯ ಹೆದ್ದಾರಿಗೆ ಇಂದು ಸಲಿವನ್ ಅವರ ಹೆಸರಿದೆ.

ಕಪ್ಪು ವರ್ಣೀಯರೊಬ್ಬರು ಗ್ರೇಟ್ ಬ್ರಿಟನ್ ತಂಡದ ತರಬೇತುದಾರರಾದದ್ದು ಬಹಳ ತಡವಾಗಿ, 1994ರಲ್ಲಿ. ಅವರು ಎಲರಿ ಹ್ಯಾನ್ಲಿ. ಫ್ರಾನ್ಸಿಸ್ ತೀರಿಕೊಂಡು ಆಗ ಐದು ವರ್ಷವಾಗಿತ್ತು. 2023ರಲ್ಲಿ ಬ್ರಿನ್‌ಮಾರ್ ಪಟ್ಟಣದಲ್ಲಿ ಫ್ರಾನ್ಸಿಸ್ ಅವರ ಪ್ರತಿಮೆ ಎದ್ದು ನಿಂತಿತು. ಹದಿನೇಳರ ವಯಸ್ಸಿನಲ್ಲಿ ಬಿಟ್ಟುಹೋದ ಊರಿಗೆ ಅವರು ಹೀಗೆ ಮರಳಿದರು.

ನಾವು ತಿಳಿಯಬೇಕಾದದ್ದು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಳ್ಳೆಯ ಆಟಗಾರರೆಲ್ಲ ಒಳ್ಳೆಯ ತರಬೇತುದಾರರಾಗುತ್ತಾರೆಯೇ? ಇಲ್ಲ. ತನಗೆ ಸಹಜವಾಗಿ ಬಂದದ್ದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುವುದು ಬೇರೆಯೇ ವಿದ್ಯೆ. ಫ್ರಾನ್ಸಿಸ್ ಅವರಲ್ಲಿ ಎರಡೂ ಇದ್ದವು. ಸುಮಾರು 350 ಪಂದ್ಯಗಳಲ್ಲಿ 225ಕ್ಕೂ ಹೆಚ್ಚು ಟ್ರೈ ಗಳಿಸಿದ ಆಟಗಾರನ ಅನುಭವಕ್ಕೆ ಸೈನ್ಯದ ಪಿ.ಟಿ. ಸಾರ್ಜೆಂಟಿನ ಶಿಸ್ತು ಸೇರಿತು. ಅದರ ಜೊತೆಗೆ ಇನ್ನೊಂದೂ ಇತ್ತೆಂದು ಕಾಣುತ್ತದೆ. ತನ್ನನ್ನು ಪಟ್ಟಿಯಿಂದ ಬಿಟ್ಟ ನೋವನ್ನು ಉಂಡವನಿಗೆ, ತನ್ನ ತಂಡದ ಒಬ್ಬೊಬ್ಬನೂ ಲೆಕ್ಕಕ್ಕೆ ಸೇರಬೇಕೆಂಬ ಕಾಳಜಿ ಹೆಚ್ಚು. ಆಟಗಾರನ ಹೆಂಡತಿ ಮೈದಾನಕ್ಕೆ ಹೇಗೆ ಬರುತ್ತಾಳೆ ಎಂದು ಯೋಚಿಸಿದ ತರಬೇತುದಾರ ಅವರು.

ನಾಳೆ ನಿಮ್ಮ ಶಾಲೆಯ ತಂಡ ಗೆದ್ದಾಗ ಫೋಟೋದ ತುದಿಯಲ್ಲಿ ನಿಂತ ಮೇಷ್ಟ್ರ ಕಡೆಗೂ ಒಮ್ಮೆ ನೋಡಿ. ಸೋತಾಗಲೂ ನೋಡಿ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ರಗ್ಬಿ ಯೂನಿಯನ್ ಮತ್ತು ರಗ್ಬಿ ಲೀಗ್ ಬೇರೆಯಾಗಲು ಕಾರಣವೇನು? ಆಟಗಾರನಿಗೆ ಹಣ ಕೊಡುವುದು ಸರಿಯೋ ತಪ್ಪೋ?

2. ಕೆಡವುವಿಕೆಗೆ ಮಿತಿ ಹಾಕಿದ 1966ರ ನಿಯಮದಿಂದ ಆಟ ಹೇಗೆ ಬದಲಾಯಿತು? ನಿಮಗೆ ಗೊತ್ತಿರುವ ಇನ್ನೊಂದು ಆಟದಲ್ಲಿ ನಿಯಮ ಬದಲಾಗಿ ಆಟದ ರೀತಿ ಬದಲಾದ ಉದಾಹರಣೆ ಕೊಡಿ.

3. ನೀವು ಆಡುವ ಆಟದಲ್ಲಿ ಒಬ್ಬ ಆಟಗಾರ ಹತ್ತು ನಿಮಿಷಗಳಲ್ಲಿ ಎಷ್ಟು ಸಲ ರಭಸದಿಂದ ಓಡುತ್ತಾನೆ, ಎಷ್ಟು ಹೊತ್ತು ನಿಲ್ಲುತ್ತಾನೆ ಎಂದು ಅಂಚಿನಲ್ಲಿ ಕುಳಿತು ಬರೆದುಕೊಳ್ಳಿ. ನಿಮ್ಮ ದಿನದ ಅಭ್ಯಾಸ ಅದಕ್ಕೆ ಹೊಂದುತ್ತದೆಯೇ?